ಏಡಿಯ ವಾಸನೆ

ಕಳೆದ ಚಳಿಗಾಲದ ಒಂದು ಶುಕ್ರವಾರ ನಮ್ಮ ಸಂಘದ ವನಭೋಜನ ಅಲ್ ಖೋರ್‌ನ ಕಡಲ ದಂಡೆಯಲ್ಲಿ ನಡೆದದ್ದು ಸದಸ್ಯರಿಗೆಲ್ಲ ನೆನಪಿರಬಹುದು. ಪುಳಿಯೋಗರೆ ಕೊನೆಯ ಪಂಕ್ತಿಗೆ ಸಾಲದೆ ಹೋದದ್ದು, ಹಗ್ಗಜಗ್ಗಾಟದಲ್ಲಿ ಗಂಡಸರ ತಂಡ ಸೋತದ್ದು, ಸೋತ ಮೇಲೆ ಹಗ್ಗವೇ ಸರಿಯಿಲ್ಲವೆಂದು ವಾದ ಹೂಡಿದ್ದು, ಇವೆಲ್ಲ ಕಾರ್ಯದರ್ಶಿಗಳ ವರದಿಯಲ್ಲಿ ಈಗಾಗಲೇ ಬಂದಿವೆ. ನಾವು ಈಗ ಬರೆಯಹೊರಟಿರುವುದು ಆ ವರದಿಗೆ ಸಿಗದೆ ಉಳಿದ ಒಂದು ಸಣ್ಣ ತೂತಿನ ವಿಚಾರ.

ಊಟವಾಗಿ ದೊಡ್ಡವರೆಲ್ಲ ಚಾಪೆಯ ಮೇಲೆ ಒರಗಿದ್ದ ಹೊತ್ತು. ನಮ್ಮ ಮಗಳು, ಒಂಬತ್ತು ವರ್ಷದವಳು, ಇಳಿತದ ಅಂಚಿನಲ್ಲಿ ಅಲೆದಾಡಿ ಮಡಿಲು ತುಂಬ ಕಪ್ಪೆಚಿಪ್ಪು ಆರಿಸಿಕೊಂಡು ಬಂದಳು. ಅವುಗಳಲ್ಲಿ ಕೆಲವಕ್ಕೆ ಒಂದೊಂದು ತೂತು. ಒಡೆದದ್ದಲ್ಲ, ಬಿರುಕಲ್ಲ, ಅಕ್ಕಸಾಲಿಗನು ಕೂತು ಕೊರೆದಂಥ ದುಂಡನೆಯ ತೂತು.

"ಅಮ್ಮಾ, ಇದಕ್ಕೆ ಯಾರು ತೂತು ಹೊಡೆದರು? ಸೂಜಿಯೇ ಬೇಡ, ದಾರ ಪೋಣಿಸಿದರೆ ಸರ ಆಗುತ್ತದೆ."

ಹೊನ್ನಾವರದಿಂದ ಬಂದಿದ್ದ ಅಜ್ಜಿ (ಮಗಳಿಗೆ ಅಜ್ಜಿ, ನಮ್ಮಲ್ಲಿ ಒಬ್ಬರಿಗೆ ತಾಯಿ, ಮತ್ತೊಬ್ಬರಿಗೆ ಅತ್ತೆ) ಕನ್ನಡಕ ಏರಿಸಿ ಚಿಪ್ಪನ್ನು ತಿರುಗಿಸಿ ನೋಡಿದರು. "ಇದು ಹುಳದ ಕೆಲಸ ಮಗಾ. ಸಾಲಿಗ್ರಾಮ ಕೊರೆಯುವ ವಜ್ರಕೀಟ ಉಂಟಲ್ಲ, ಅದರ ಅಣ್ಣನೋ ತಮ್ಮನೋ ಇರಬೇಕು" ಎಂದರು.

ನಾವು ನಕ್ಕೆವು. ನಮ್ಮಿಬ್ಬರಲ್ಲಿ ಹೆಸರಿನ ಹಿಂದೆ ಡಾಕ್ಟರೇಟಿನ ಬಾಲ ಅಂಟಿಸಿಕೊಂಡವರು ಸ್ವಲ್ಪ ಜೋರಾಗಿಯೇ ನಕ್ಕರು. ಮನೆಗೆ ಬಂದು ನಾಲ್ಕು ಪುಸ್ತಕ ತಿರುವಿದ ಮೇಲೆ ತಿಳಿಯಿತು, ಅಜ್ಜಿಯ ಮಾತು ನಾವು ನಕ್ಕಷ್ಟು ತಪ್ಪಾಗಿರಲಿಲ್ಲ ಎಂದು. ಅದು ಹುಳದ ಕೆಲಸವೇ. ಆ ಹುಳದ ಕಥೆ ಹತ್ತಾರು ಕೋಟಿ ವರ್ಷ ಹಿಂದಕ್ಕೆ ಹೋಗುತ್ತದೆ.

ಸಮುದ್ರದಲ್ಲಿ ಶಂಖದ ಹುಳುಗಳ ಎರಡು ಮನೆತನಗಳು ಈ ಕೊರೆಯುವ ವಿದ್ಯೆಯಲ್ಲಿ ಪ್ರಸಿದ್ಧ. ಒಂದು ನ್ಯಾಟಿಸಿಡ್ ಮನೆತನ. ಮರಳಿನಲ್ಲಿ ಹೂತುಕೊಂಡು ಸಾಗುತ್ತ, ಸಿಕ್ಕ ಚಿಪ್ಪನ್ನು ಕಾಲಿನಿಂದ ಅಪ್ಪಿಕೊಂಡು ಕೊರೆಯುವಂಥವು. ಇವುಗಳ ತೂತು ಮೇಲೆ ಅಗಲ, ಕೆಳಗೆ ಕಿರಿದು, ಪುಟ್ಟ ಬಟ್ಟಲಿನ ಹಾಗೆ. ಇನ್ನೊಂದು ಮ್ಯೂರೆಕ್ಸ್ ಮನೆತನ. ಹೆಚ್ಚಾಗಿ ಬಂಡೆಗಳ ಮೇಲೆ ಬಾಳುವಂಥವು. ಇವುಗಳ ತೂತಿನ ಗೋಡೆ ಬಹುಮಟ್ಟಿಗೆ ನೇರ, ಕೊಳವೆಯ ಹಾಗೆ. ಹೀಗೆ ತೂತನ್ನು ನೋಡಿಯೇ ಕಳ್ಳನ ಕುಲ ಯಾವುದೆಂದು ಊಹಿಸಬಹುದು. ಮಗಳ ಮಡಿಲಿನಲ್ಲಿ ಎರಡು ಬಗೆಯವೂ ಇದ್ದವು.

ಕೊರೆಯುವ ಕ್ರಮ ರಸಾಯನಶಾಸ್ತ್ರದವರ ಮನಸ್ಸಿಗೆ ಹಿಡಿಸುವಂಥದು. ಹುಳುವಿನ ಕಾಲಿನ ತಳದಲ್ಲೋ ಮೂತಿಯ ಬಳಿಯಲ್ಲೋ ಒಂದು ಮೆತ್ತನೆಯ ಅಂಗವಿದೆ. ಅದನ್ನು ಚಿಪ್ಪಿಗೆ ಒತ್ತಿ ಹಿಡಿದರೆ ಹುಳಿಯಾದ ರಸ ಒಸರುತ್ತದೆ. ಚಿಪ್ಪಿನ ಸುಣ್ಣ ಕರಗಿ ಮೆತ್ತಗಾಗುತ್ತದೆ. ಆಮೇಲೆ ಅಂಗವನ್ನು ಸರಿಸಿ, ಹೆರೆಮಣೆಯಂತೆ ಹಲ್ಲು ತುಂಬಿದ ನಾಲಿಗೆಯಿಂದ ಕೆರೆದು ತೆಗೆಯುತ್ತದೆ. ಮತ್ತೆ ಹುಳಿ, ಮತ್ತೆ ಹೆರೆತ. ಚಿಪ್ಪು ದಪ್ಪವಾಗಿದ್ದರೆ ಕೆಲಸ ದಿನಗಟ್ಟಲೆ ನಡೆಯುತ್ತದೆ. ತೂತು ಒಳಗೆ ಮುಟ್ಟಿದ ಮೇಲೆ ಮೂತಿ ತೂರಿಸಿ ಮನೆಯೊಡೆಯನನ್ನು ತಿಂದು ಮುಗಿಸುತ್ತದೆ. ಇದನ್ನು ಅಡುಗೆಮನೆಯಲ್ಲಿ ಮಗಳಿಗೆ ತೋರಿಸಲು ಒಂದು ಒಡಕು ಚಿಪ್ಪಿನ ಮೇಲೆ ನಾಲ್ಕು ಹನಿ ವಿನಿಗರ್ ಬಿಟ್ಟೆವು. ನೊರೆ ಎದ್ದಿತು. ಅಜ್ಜಿಗೆ ಇದರಲ್ಲಿ ಏನೂ ವಿಶೇಷ ಕಾಣಲಿಲ್ಲ. "ಚಿಪ್ಪು ಸುಟ್ಟರೆ ಸುಣ್ಣ. ಹುಳಿಗೂ ಸುಣ್ಣಕ್ಕೂ ಯಾವ ಕಾಲಕ್ಕೆ ಸರಿಬಂದಿದೆ? ಇದಕ್ಕೆ ಪಿಎಚ್.ಡಿ. ಬೇಕಾಯಿತೇ?" ಎಂದರು.

ಅಲ್ ಖೋರ್‌ಗೂ ಈ ಹುಳಕ್ಕೂ ಹಳೆಯ ನಂಟುಂಟು. ಅಂದು ಸಂಜೆ ನಮ್ಮಲ್ಲಿ ಕೆಲವರು ಕಾಂಡ್ಲಾ ಗಿಡಗಳ ನಡುವೆ ನಡೆದು ನೋಡಿಬಂದ ಪುಟ್ಟ ದ್ವೀಪ, ಬಿನ್ ಘನ್ನಾಮ್ ದ್ವೀಪ, ಇದಕ್ಕೆ ನೇರಳೆ ದ್ವೀಪ ಎಂದೂ ಹೆಸರು. ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದಲ್ಲಿ, ಬ್ಯಾಬಿಲೋನಿನಲ್ಲಿ ಕ್ಯಾಸೈಟ್ ಅರಸರು ಆಳುತ್ತಿದ್ದ ಕಾಲಕ್ಕೆ, ಇಲ್ಲಿ ಬಣ್ಣ ತೆಗೆಯುವ ಕಸುಬು ನಡೆಯುತ್ತಿತ್ತು. ಪುರಾತತ್ತ್ವಜ್ಞರು ಅಗೆದಾಗ ಜಜ್ಜಿದ ಶಂಖಗಳ ತಿಪ್ಪೆಯೇ ಸಿಕ್ಕಿತು. ಅವರ ಅಂದಾಜಿನಂತೆ ಸುಮಾರು 30 ಲಕ್ಷ ಶಂಖಗಳು, ಎಲ್ಲವೂ ಮ್ಯೂರೆಕ್ಸ್ ಮನೆತನದ ಥಾಯಿಸ್ ಎಂಬ ಒಂದೇ ಜಾತಿಯವು. ಈ ಮನೆತನದ ಹುಳುಗಳ ಒಂದು ಗ್ರಂಥಿಯ ರಸ ಗಾಳಿ ಬೆಳಕಿಗೆ ಒಡ್ಡಿದಾಗ ಕೆನ್ನೇರಳೆಯಾಗುತ್ತದೆ. ನಮ್ಮ ನೀಲಿ ಗಿಡದಿಂದ ಬರುವ ನೀಲಿಯ ಅಣುವಿಗೆ ಎರಡು ಬ್ರೋಮಿನ್ ಪರಮಾಣು ಕೂಡಿಸಿದರೆ ಈ ಬಣ್ಣ. 1909ರಲ್ಲಿ ಪಾಲ್ ಫ್ರೀಡ್‌ಲೆಂಡರ್ ಎಂಬ ರಸಾಯನಶಾಸ್ತ್ರಜ್ಞ ಮೆಡಿಟರೇನಿಯನ್ ಕಡಲಿನ ಇಂಥ 12,000 ಹುಳುಗಳಿಂದ ಬಣ್ಣ ತೆಗೆದು ನೋಡಿದಾಗ ಸಿಕ್ಕದ್ದು 1.4 ಗ್ರಾಂ ಮಾತ್ರ. ಅರಸರ ಉಡುಪಿಗೆ ಮಾತ್ರ ಆ ಬಣ್ಣ ಏಕೆ ಮೀಸಲಾಗಿತ್ತು ಎಂಬುದಕ್ಕೆ ಬೇರೆ ವಿವರಣೆ ಬೇಡ. ಹುಳುವಿಗಾದರೂ ಬಣ್ಣ ಬೇಕಿರಲಿಲ್ಲ. ಅದೇ ಗ್ರಂಥಿಯಲ್ಲಿ ಸ್ನಾಯುಗಳನ್ನು ಸಡಿಲಗೊಳಿಸುವ ದ್ರವ್ಯಗಳಿವೆ. ಬಾಯಿ ಬಿಗಿದ ಚಿಪ್ಪನ್ನು ಒಲಿಸಿಕೊಳ್ಳಲು ಅವು ನೆರವಾಗುತ್ತಿರಬಹುದು. ಬಣ್ಣದ ಮೂಲದ್ರವ್ಯಗಳು ಮೊಟ್ಟೆಗಳನ್ನು ಬ್ಯಾಕ್ಟೀರಿಯಾಗಳಿಂದ ಕಾಯುತ್ತವೆ ಎಂದು ಆಸ್ಟ್ರೇಲಿಯಾದ ಒಂದು ಜಾತಿಯಲ್ಲಿ ಕಂಡುಬಂದಿದೆ. ಹುಳುವಿನ ಆಯುಧಶಾಲೆಯಲ್ಲಿ ಕೈಹಾಕಿ ಮನುಷ್ಯ ಪೀತಾಂಬರ ಮಾಡಿಕೊಂಡ ಎನ್ನಿ.

ಕೊರೆಯುವವನ ಕೈಚಳಕ ಹೀಗಾದರೆ, ಕೊರೆಸಿಕೊಳ್ಳುವವನು ಸುಮ್ಮನೆ ಕೂತಿರಲಿಲ್ಲ. ಕತಾರಿನ ಹಳೆಯ ಸಿರಿಯಾದ ಮುತ್ತಿನ ಚಿಪ್ಪನ್ನೇ ನೋಡಿ. ಅದರ ಒಳಮೈಯ ಹೊಳಪು ನಮಗೆ ಚೆಲುವು. ಚಿಪ್ಪಿಗೆ ಅದು ಕೋಟೆ. ಕಣ್ಣಿಗೆ ಕಾಣದಷ್ಟು ತೆಳುವಾದ ಸುಣ್ಣದ ಬಿಲ್ಲೆಗಳನ್ನು ಇಟ್ಟಿಗೆಯಂತೆ ಜೋಡಿಸಿ, ನಡುನಡುವೆ ಸಾವಯವ ಅಂಟನ್ನು ಗಾರೆಯಂತೆ ಬಳಿದ ಗೋಡೆ ಅದು. ಬಿರುಕು ಬಿಟ್ಟರೂ ಬಿರುಕು ನೇರ ಓಡಲಾರದು. ಮುತ್ತು ಕೂಡ ಒಳನುಗ್ಗಿದ ಬೇಡದ ವಸ್ತುವನ್ನೋ ಪರೋಪಜೀವಿಯನ್ನೋ ಸುತ್ತಿ ಮುಚ್ಚಿದ ಗೋಡೆಯೇ. ಸ್ವಾತಿ ಮಳೆಯ ಹನಿ ಎಂದು ನಂಬಿದ್ದ ಅಜ್ಜಿಗೆ ಇದನ್ನು ಹೇಳಲು ನಮಗೆ ಧೈರ್ಯ ಸಾಲಲಿಲ್ಲ.

ಹೀಗೆ ಒಬ್ಬನು ಕತ್ತಿ ಮಸೆದರೆ ಇನ್ನೊಬ್ಬನು ಗುರಾಣಿ ದಪ್ಪ ಮಾಡುವುದು, ಗುರಾಣಿ ದಪ್ಪವಾದರೆ ಕತ್ತಿ ಇನ್ನೂ ಮೊನಚಾಗುವುದು, ಇದನ್ನು ಜೀವವಿಜ್ಞಾನಿಗಳು ವಿಕಾಸದ ಶಸ್ತ್ರಾಸ್ತ್ರ ಪೈಪೋಟಿ ಎನ್ನುತ್ತಾರೆ. ಇದರ ದಾಖಲೆ ಕಲ್ಲಿನಲ್ಲಿದೆ. ಚೀನಾ ದೇಶದಲ್ಲಿ ಸಿಕ್ಕ, ಸುಮಾರು 55 ಕೋಟಿ ವರ್ಷ ಹಳೆಯ ಕ್ಲೌಡಿನಾ ಎಂಬ ಕೊಳವೆಯಾಕಾರದ ಜೀವಿಯ ಕವಚದಲ್ಲಿಯೇ ಕೊರೆದ ತೂತುಗಳಿವೆ. ಕವಚ ತೊಟ್ಟ ಮೊಟ್ಟಮೊದಲ ಪ್ರಾಣಿಗಳಲ್ಲಿ ಅದೊಂದು. ಎಂದರೆ ಬೀಗ ಬಂದ ಕಾಲಕ್ಕೇ ಕಳ್ಳಗೀಲಿಯೂ ಬಂತು. ನಮ್ಮ ಹತ್ತಿರದ ಕೇರಳದ ಕೊಲ್ಲಂ ಸೀಮೆಯ ಮಯೋಸೀನ್ ಕಾಲದ ಸುಣ್ಣಕಲ್ಲಿನಲ್ಲಿ ಸಿಗುವ ಕಡಲೆಕಾಳಿಗಿಂತ ಸಣ್ಣ ಚಿಪ್ಪುಗಳಲ್ಲಿಯೂ ಇಂಥ ತೂತುಗಳನ್ನು ಎಣಿಸಿದ್ದಾರೆ.

ಈ ಕಥೆಯನ್ನು ಕಟ್ಟಿಕೊಟ್ಟವರಲ್ಲಿ ಮುಖ್ಯರು ಗೀರತ್ ವರ್ಮೈ. 1946ರಲ್ಲಿ ಹಾಲೆಂಡಿನಲ್ಲಿ ಹುಟ್ಟಿದವರು. ಮೂರನೆಯ ವಯಸ್ಸಿಗೇ ಎರಡೂ ಕಣ್ಣಿನ ದೃಷ್ಟಿ ಹೋಯಿತು. ಮನೆಯವರು ಅಮೆರಿಕಕ್ಕೆ ಬಂದು ನೆಲೆಸಿದ ಮೇಲೆ, ಶಾಲೆಯಲ್ಲಿ ಒಬ್ಬ ಉಪಾಧ್ಯಾಯಿನಿ ಫ್ಲಾರಿಡಾದಿಂದ ತಂದ ಚಿಪ್ಪುಗಳನ್ನು ತರಗತಿಯ ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದರಂತೆ. ಹುಡುಗ ಬೆರಳಾಡಿಸಿ ನೋಡಿದ. ಹಾಲೆಂಡಿನ ತಣ್ಣನೆಯ ಕಡಲಿನ ಚಿಪ್ಪುಗಳು ಸೀಮೆಸುಣ್ಣದಂತೆ ಸಪ್ಪೆ. ಬೆಚ್ಚನೆಯ ಕಡಲಿನ ಚಿಪ್ಪುಗಳು ನುಣುಪು, ಏಣು, ಮುಳ್ಳು, ಗಂಟುಗಳಿಂದ ತುಂಬಿದವು. ಏಕೆ ಹೀಗೆ ಎಂಬ ಆ ಪ್ರಶ್ನೆಯನ್ನೇ ಬೆನ್ನು ಹತ್ತಿ ಅವರು ಪ್ರಾಧ್ಯಾಪಕರಾದರು. 1977ರಲ್ಲಿ ಬರೆದ ಪ್ರಬಂಧದಲ್ಲಿ ಅವರು ತೋರಿಸಿದ್ದು ಇದು: ಡೈನೋಸಾರುಗಳ ಕಾಲವೆಂದು ನಾವು ಕರೆಯುವ ಮಧ್ಯಜೀವಯುಗದ ಉತ್ತರಾರ್ಧದಲ್ಲಿ ಸಮುದ್ರದ ತಳದಲ್ಲಿ ದೊಡ್ಡ ಕ್ರಾಂತಿಯೇ ನಡೆಯಿತು. ಚಿಪ್ಪು ಒಡೆಯುವ ಏಡಿ, ಮೀನು, ತೊರಕೆಗಳೂ ಚಿಪ್ಪು ಕೊರೆಯುವ ಶಂಖಗಳೂ ಹೆಚ್ಚಿದವು. ಪ್ರತಿಯಾಗಿ ಶಂಖಗಳ ಬಾಯಿ ಕಿರಿದಾಯಿತು, ಅಂಚು ದಪ್ಪವಾಯಿತು, ಮುಳ್ಳುಗಳು ಬಂದವು. ಕಪ್ಪೆಚಿಪ್ಪುಗಳು ಮರಳಿನ ಆಳಕ್ಕೆ ಇಳಿದವು. ಇದಾವುದೂ ಕೈಲಾಗದ ಕೆಲವು ಜೀವಿಗಳು ಆಳ ಸಮುದ್ರದ ಕತ್ತಲೆಗೆ ವಲಸೆ ಹೋದವು. ನಾವೆಲ್ಲ ಕೊಲ್ಲಿಗೆ ಬಂದ ಹಾಗೆ ಎನ್ನಬಹುದೋ ಏನೋ.

ಅಜ್ಜಿಯ ಸಾಲಿಗ್ರಾಮ ಇದೇ ಕಥೆಯ ಒಂದು ಅಧ್ಯಾಯ. ನೇಪಾಳದ ಗಂಡಕಿ ನದಿಯಲ್ಲಿ ಸಿಗುವ ಚಕ್ರವಿರುವ ಸಾಲಿಗ್ರಾಮಗಳು ಅಮೋನೈಟ್ ಎಂಬ ಕಡಲಜೀವಿಯ ಪಳೆಯುಳಿಕೆಗಳು. ಹಿಮಾಲಯ ಏಳುವ ಮುನ್ನ ಅಲ್ಲಿ ಸಮುದ್ರವಿತ್ತು. ಆ ಸುರುಳಿ, ಆ ಏಣುಗಳು, ದೇವರ ಮನೆಯಲ್ಲಿ ನಾವು ಅಭಿಷೇಕ ಮಾಡುವ ಆ ಚಕ್ರ, ಒಂದು ಕಾಲದಲ್ಲಿ ಶತ್ರುವಿನ ದವಡೆಗೆ ಒಡ್ಡಿದ ಗುರಾಣಿ. ಅಮೋನೈಟುಗಳು 6.6 ಕೋಟಿ ವರ್ಷದ ಹಿಂದೆ ನಾಮಾವಶೇಷವಾದವು. ಅವನ್ನು ಮುಗಿಸಿದ್ದು ಯಾವ ದವಡೆಯೂ ಅಲ್ಲ; ಡೈನೋಸಾರುಗಳನ್ನೂ ಕೊಂಡೊಯ್ದ ಆ ಮಹಾವಿನಾಶ. ಅದಕ್ಕೆ ಗುರಾಣಿ ಯಾರ ಬಳಿಯೂ ಇರಲಿಲ್ಲ.

ನಾವು ದಿನವೂ ತುಳಿಯುವ ದೋಹಾದ ನೆಲವೂ ಹಳೆಯ ಕಡಲತಳವೇ. ಸದಸ್ಯರಲ್ಲಿ ಸಿವಿಲ್ ಇಂಜಿನಿಯರುಗಳಾಗಿರುವವರಿಗೆ ಸಿಮ್ಸಿಮಾ ಸುಣ್ಣಕಲ್ಲು ಎಂದರೆ ಮನೆಮಾತು. 2019ರಲ್ಲಿ ಓಡಲಾರಂಭಿಸಿದ ಮೆಟ್ರೋಗಾಗಿ 21 ಕೊರೆಯುವ ಯಂತ್ರಗಳು ಏಕಕಾಲಕ್ಕೆ ಕೊರೆದದ್ದು ಆ ಕಲ್ಲನ್ನೂ ಅದರ ಕೆಳಗಿನ ಪದರಗಳನ್ನೂ. ನಾಲ್ಕು ಕೋಟಿ ವರ್ಷಕ್ಕೂ ಹಿಂದಿನ ಇಯೋಸೀನ್ ಕಾಲದ ಆ ಕಲ್ಲಿನಲ್ಲಿ ಶಂಖ ಚಿಪ್ಪುಗಳ ಗುರುತು ಇವೆ. ಆದರೆ ಬಹುಮಟ್ಟಿಗೆ ಅಚ್ಚುಗಳಷ್ಟೇ. ಅರಗೊನೈಟ್ ಎಂಬ ಬಗೆಯ ಸುಣ್ಣದಿಂದಾದ ಚಿಪ್ಪು ನೀರಿಗೆ ಬೇಗ ಕರಗಿಹೋಗುತ್ತದೆ, ಕ್ಯಾಲ್ಸೈಟ್ ಬಗೆಯದು ಉಳಿಯುತ್ತದೆ. ಚಿಪ್ಪೇ ಕರಗಿದ ಮೇಲೆ ಅದರ ಮೇಲಿದ್ದ ತೂತಿನ ಗುರುತು ಎಲ್ಲಿಂದ ಬರಬೇಕು? ಹೀಗೆ ಕಲ್ಲಿನ ದಫ್ತರಿನಲ್ಲಿ ಹಾಳೆಗಳು ಹಾರಿಹೋಗಿವೆ. ಹಾಗಾಗಿ ಚಿಪ್ಪು ಚೆನ್ನಾಗಿ ಉಳಿದಿರುವ ಕಡೆ ಮಾತ್ರ ಲೆಕ್ಕ ಹಿಡಿಯುತ್ತಾರೆ. ಅಮೆರಿಕದ ಪೆಟ್ರೀಷಿಯಾ ಕೆಲ್ಲಿ ಮತ್ತು ಥಾರ್ ಹ್ಯಾನ್ಸನ್ ಎಂಬವರು 40 ಸಾವಿರಕ್ಕೂ ಹೆಚ್ಚು ಪಳೆಯುಳಿಕೆ ಚಿಪ್ಪುಗಳನ್ನು ಪರೀಕ್ಷಿಸಿ 1993ರಲ್ಲಿ ಫಲಿತಾಂಶ ಪ್ರಕಟಿಸಿದರು. ಪೈಪೋಟಿ ಒಂದೇ ಸಮನೆ ಏರುತ್ತ ಹೋಗಿಲ್ಲ. ಏರಿದೆ, ಇಳಿದಿದೆ, ಮಹಾವಿನಾಶಗಳ ಆಚೆ ಈಚೆ ಅದರ ಗತಿಯೇ ಬದಲಾಗಿದೆ. 2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಸುಮಾರು 7,000 ತೂತುಬಿದ್ದ ಚಿಪ್ಪುಗಳನ್ನು ಅಳೆದು ಹೇಳಿದ್ದು: 50 ಕೋಟಿ ವರ್ಷಗಳಲ್ಲಿ ತೂತು ದೊಡ್ಡದಾಗುತ್ತ ಬಂದಿದೆ, ಬೇಟೆಯ ಗಾತ್ರ ಹಾಗೆ ಬೆಳೆದಿಲ್ಲ. ಬೇಟೆಗಾರನೇ ಬೆಳೆದದ್ದು.

ಏಕೆ ಬೆಳೆದ? ವರ್ಮೈಯವರ ಉತ್ತರ ನಮ್ಮನ್ನು ಯೋಚನೆಗೆ ಹಚ್ಚಿತು. ಕೊರೆಯುವ ಹುಳಕ್ಕೆ ಕಪ್ಪೆಚಿಪ್ಪು ಒಂದು ಹೊತ್ತಿನ ಊಟ. ತಪ್ಪಿದರೆ ಇನ್ನೊಂದು ಸಿಗುತ್ತದೆ. ಆದರೆ ಅದು ದಿನಗಟ್ಟಲೆ ಒಂದೇ ಕಡೆ ಕೂತು ಕೊರೆಯುತ್ತಿರುವಾಗ ಅದರ ಬೆನ್ನ ಹಿಂದೆ ಏಡಿ ಬರುತ್ತದೆ. ಹುಳು ನಿಜವಾಗಿ ಅಂಜುವುದು ತನ್ನ ಊಟಕ್ಕಲ್ಲ, ತನ್ನನ್ನು ಊಟ ಮಾಡುವವನಿಗೆ. ಅಂದರೆ ಇದು ಇಬ್ಬರ ಕುಸ್ತಿಯಲ್ಲ, ಸಾಲಾಗಿ ನಿಂತವರ ಓಟ. ಪ್ರತಿಯೊಬ್ಬನ ಕಣ್ಣೂ ತನ್ನ ಬೆನ್ನ ಹಿಂದೆ.

ಕೆನಡಾದ ಆಪಲ್‌ಟನ್ ಮತ್ತು ಪಾಮರ್ ಎಂಬವರು 1988ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವನ್ನು ಇಲ್ಲಿ ಹೇಳಬೇಕು. ಮ್ಯೂರೆಕ್ಸ್ ಮನೆತನದ್ದೇ ಆದ ಒಂದು ಶಂಖದ ಹುಳುವನ್ನು ಅವರು ತೊಟ್ಟಿಗಳಲ್ಲಿ ಸಾಕಿದರು. ಕೆಲವು ತೊಟ್ಟಿಗಳಿಗೆ, ಏಡಿಯೊಂದು ಅದೇ ಜಾತಿಯ ಶಂಖಗಳನ್ನು ಒಡೆದು ತಿನ್ನುತ್ತಿದ್ದ ನೀರನ್ನು ಹಾಯಿಸಿದರು. ಏಡಿ ತೊಟ್ಟಿಗೆ ಬರಲೇ ಇಲ್ಲ. ಬಂದದ್ದು ಅದರ ವಾಸನೆ ಮಾತ್ರ. ಅಷ್ಟಕ್ಕೇ ಆ ಹುಳುಗಳ ಚಿಪ್ಪಿನ ಬಾಯಂಚಿನಲ್ಲಿ ಕಾವಲಿನ ಹಲ್ಲುಗಳು ದೊಡ್ಡದಾಗಿ ಬೆಳೆದವು. ಜೊತೆಗೆ ಇನ್ನೊಂದು ಆಯಿತು. ಅವು ತಿನ್ನುವುದನ್ನು ಕಡಿಮೆ ಮಾಡಿದವು. ಮೈ ಬೆಳವಣಿಗೆ ಕುಂಠಿತವಾಯಿತು. ಕೋಟೆ ಬಲವಾಯಿತು, ಒಳಗಿನವನು ಸಣ್ಣವನಾಗಿಯೇ ಉಳಿದ.

ಇದನ್ನು ಓದಿದ ರಾತ್ರಿ ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕಾರಣವನ್ನು ಹೇಳಿಕೊಳ್ಳಲು ಸಂಕೋಚವಾದರೂ ಹೇಳಿಬಿಡುತ್ತೇವೆ. ಮಗಳಿಗೆ ಆಗ ವಾರಕ್ಕೆ ಎರಡು ದಿನ ಅಬಾಕಸ್, ಎರಡು ದಿನ ಗಣಿತ ಒಲಿಂಪಿಯಾಡಿನ ಆನ್‌ಲೈನ್ ತರಗತಿ. ಮೂರನೆಯದಾಗಿ ಕಂಪ್ಯೂಟರ್ ಕೋಡಿಂಗಿಗೆ ಹಿಂದಿನ ವಾರವಷ್ಟೇ ಮುಂಗಡ ಹಣ ಕಟ್ಟಿದ್ದೆವು. ಅವಳು ಕೇಳಿದ್ದಳೇ? ಇಲ್ಲ. ಶಾಲೆಯವರು ಹೇಳಿದ್ದರೇ? ಅದೂ ಇಲ್ಲ. ಲಿಫ್ಟಿನಲ್ಲಿ ಸಿಕ್ಕ ನೆರೆಯವರು "ನಮ್ಮವನಿಗೆ ಹಾಕಿದ್ದೇವೆ, ನಿಮ್ಮವಳಿಗೆ ಇನ್ನೂ ಇಲ್ಲವೇ?" ಎಂದು ಕೇಳಿದ್ದರು, ಅಷ್ಟೆ. ಆ ನೆರೆಯವರಿಗೂ ಹೀಗೆಯೇ ಇನ್ನಾರೋ ಇನ್ನಾವುದೋ ಲಿಫ್ಟಿನಲ್ಲಿ ಕೇಳಿರಬೇಕು. ಏಡಿಯನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ನೀರಿನಲ್ಲಿ ವಾಸನೆ ಇತ್ತು.

ಶಂಖದ ಹುಳುವಿನ ನೀತಿಯನ್ನು ಮನುಷ್ಯನಿಗೆ ಹೇರುವುದು ಒಳ್ಳೆಯ ವಿಜ್ಞಾನವಲ್ಲ ಎಂದು ನಮಗೆ ಗೊತ್ತು. ಹುಳು ತಿಳಿದು ಮಾಡುವುದಿಲ್ಲ. ಕಡಲಿನಲ್ಲಿ ಏಡಿ ನಿಜವಾಗಿಯೂ ಇದೆ. ವಾಸನೆಗೆ ಹೆದರದ ಹುಳು ವಂಶ ಬೆಳೆಸದೆ ಹೋದೀತು. ನಮ್ಮ ಮಕ್ಕಳ ಮುಂದೆಯೂ ಊರಿಗೆ ಮರಳಿದಾಗ ಎದುರಿಸಬೇಕಾದ ಪರೀಕ್ಷೆಗಳಿವೆ, ಸೀಟುಗಳ ಲೆಕ್ಕವಿದೆ. ಇಲ್ಲಿಯ ನಮ್ಮ ವಾಸ ಕಾಗದದ ಮೇಲಿನ ಕರಾರು. ಅದು ಯಾವಾಗ ಮುಗಿಯುವುದೋ ಹೇಳಲಾಗದು. ಭಯ ಪೂರ್ತಿ ಸುಳ್ಳಲ್ಲ. ಆದರೆ ಹುಳುವಿಗೆ ಇಲ್ಲದ ಒಂದು ಅನುಕೂಲ ನಮಗಿದೆ: ವಾಸನೆ ಎಷ್ಟು, ಏಡಿ ಎಷ್ಟು ಎಂದು ಕೂತು ವಿಚಾರಿಸಬಹುದು. ವಿಚಾರಿಸಿದೆವು. ಮರುದಿನ ಕೋಡಿಂಗನ್ನು ಬಿಡಿಸಿದೆವು. ಮುಂಗಡ ವಾಪಸು ಬರಲಿಲ್ಲ; ಅಷ್ಟರ ಮಟ್ಟಿಗೆ ನಮ್ಮನ್ನೂ ಯಾರೋ ಕೊರೆದರು ಎನ್ನಿ. ಅಬಾಕಸನ್ನು ಮಗಳೇ ಇಟ್ಟುಕೊಂಡಳು. ಅದು ಅವಳಿಗೆ ಇಷ್ಟವಂತೆ. ನಾವು ಅದುವರೆಗೆ ಕೇಳಿಯೇ ಇರಲಿಲ್ಲ.

ಬಿಡುವಾದ ಆ ಸಂಜೆಗಳಲ್ಲಿ ಅಜ್ಜಿ ಮೊಮ್ಮಗಳು ನೆಲದ ಮೇಲೆ ಹಳೆಯ ಪತ್ರಿಕೆ ಹಾಸಿ ಚಿಪ್ಪುಗಳನ್ನು ಮೂರು ಬಟ್ಟಲಿಗೆ ವಿಂಗಡಿಸಿದರು. ತೂತಿಲ್ಲದವು ಒಂದರಲ್ಲಿ, ತೂತಿದ್ದವು ಇನ್ನೊಂದರಲ್ಲಿ. ಮೂರನೆಯದರಲ್ಲಿ ಬಿದ್ದದ್ದು ಕೆಲವೇ: ಒಂದಕ್ಕೆ ಅರ್ಧ ಕೊರೆದು ಬಿಟ್ಟ ಗುಳಿ, ಇನ್ನೆರಡಕ್ಕೆ ಅಂಚು ಮುರಿದು, ಮುರಿದಲ್ಲಿಂದ ಓರೆಕೋರೆಯಾಗಿ ಮತ್ತೆ ಬೆಳೆದ ಗೆರೆ. "ಇವು ಕೆಟ್ಟುಹೋದವು, ಎಸೆಯಲೇ?" ಎಂದು ಮಗಳು ಕೇಳಿದಳು. ನಾವು ತಡೆದೆವು. ವರ್ಮೈಯವರು ಎಲ್ಲಕ್ಕಿಂತ ಬೆಲೆ ಕೊಟ್ಟದ್ದು ಇಂಥ ಚಿಪ್ಪುಗಳಿಗೇ. ತೂತುಬಿದ್ದ ಚಿಪ್ಪು ಸತ್ತವನ ಕಥೆ. ಅವನಿಂದ ಮುಂದಿನ ಪೀಳಿಗೆಗೆ ಹೋಗುವುದು ಏನೂ ಇಲ್ಲ. ತೂತಿಲ್ಲದ್ದು ಶತ್ರುವನ್ನು ಕಂಡಿತ್ತೋ ಇಲ್ಲವೋ ತಿಳಿಯದು. ಗಾಯವಾಗಿ ಮಾಗಿದ ಚಿಪ್ಪೊಂದೇ ಹೇಳುವುದು: ಶತ್ರು ಬಂದಿದ್ದ, ಸೋತು ಹೋದ, ಇದು ಬದುಕಿ ಬೆಳೆಯಿತು ಎಂದು. ವಿಕಾಸ ಮುಂದೆ ಸಾಗುವುದು ಇವುಗಳ ಮಕ್ಕಳ ಮೂಲಕ.

ಅಜ್ಜಿ ಆ ಮುರಿದು ಬೆಳೆದ ಚಿಪ್ಪಿನ ಗೆರೆಯ ಮೇಲೆ ಹೆಬ್ಬೆರಳು ಆಡಿಸುತ್ತ ಕೂತರು. ಮೂವತ್ತೆಂಟನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು, ಎರಡು ಎಕರೆ ತೋಟದ ಮೇಲೆ ಮೂರು ಮಕ್ಕಳನ್ನು ಓದಿಸಿದವರು. ಏನೂ ಹೇಳಲಿಲ್ಲ. ಊರಿಗೆ ಹೊರಟಾಗ ಮೊಮ್ಮಗಳು ಪೋಣಿಸಿದ ಸರವನ್ನು ಪೆಟ್ಟಿಗೆಗೆ ಹಾಕಿಕೊಂಡರು. ಈ ಒಂದು ಚಿಪ್ಪನ್ನು ಮಾತ್ರ ಸೆರಗಿಗೆ ಗಂಟು ಹಾಕಿಕೊಂಡು ಹೋದರು. ಸಾಲಿಗ್ರಾಮದ ಸಂಪುಟದ ಪಕ್ಕ ಇಟ್ಟಿದ್ದಾರೆಂದು ಫೋನಿನಲ್ಲಿ ಹೇಳಿದರು. ಎರಡೂ ಕಡಲಿನವೇ ತಾನೆ.

ಸದಸ್ಯರು ಮುಂದಿನ ಬಾರಿ ಅಲ್ ಖೋರ್‌ಗೆ ಹೋದಾಗ ಇಳಿತದ ಹೊತ್ತು ನೋಡಿ ಮಕ್ಕಳನ್ನು ಅಂಚಿಗೆ ಕರೆದುಕೊಂಡು ಹೋಗಬೇಕೆಂದು ವಿನಂತಿ. ನೇರಳೆ ದ್ವೀಪದಿಂದ ಏನನ್ನೂ ಎತ್ತಿ ತರಬಾರದು, ಅದು ಈ ನಾಡಿನ ಪರಂಪರೆ. ಅಲೆ ತಂದು ಹಾಕಿದ ಒಡಕು ಚಿಪ್ಪುಗಳಲ್ಲಿ ಅರ್ಧ ಕೊರೆದದ್ದು ಯಾರಿಗಾದರೂ ಸಿಕ್ಕರೆ ನಮಗೂ ತೋರಿಸಿ. ಮಗಳ ಪೆನ್ಸಿಲ್ ಡಬ್ಬಿಯಲ್ಲಿ ಈಗ ಇರುವುದು ಒಂದೇ. ಇನ್ನು ಕೋಡಿಂಗ್ ಬಿಡಿಸಿದ್ದು ಸರಿಯೋ ತಪ್ಪೋ, ಅದು ಹತ್ತು ವರ್ಷದ ಮೇಲೆ ತಿಳಿಯಬೇಕು. ತಪ್ಪೆಂದು ಕಂಡರೆ ಅದನ್ನೂ ಇದೇ ಪುಟಗಳಲ್ಲಿ ಬರೆದು ಒಪ್ಪಿಕೊಳ್ಳುತ್ತೇವೆ.